ಬೋಟಿನ ಬ್ಯಾಟರಿ ಬೇಗ ಇಳಿಯುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ನನ್ನ ಅಂಗಡಿಗೆ ಬರುವುದು ಹೆಚ್ಚಾಗಿ ಟ್ರ್ಯಾಕ್ಟರ್ ಮತ್ತು ಇನ್ವರ್ಟರ್ ಬ್ಯಾಟರಿಗಳು. ಆದರೆ ಉಣಕಲ್ ಕೆರೆ, ಗದಗಿನ ಭೀಷ್ಮ ಕೆರೆಯಂಥ ಕಡೆ ಬೋಟಿಂಗ್ ಶುರುವಾದ ಮೇಲೆ ಬೋಟಿನ ಬ್ಯಾಟರಿ ಬಗ್ಗೆ ಕೇಳುವವರೂ ಜಾಸ್ತಿಯಾಗಿದ್ದಾರೆ. ಹಾವೇರಿ, ಮುಂಡರಗಿ ಕಡೆಯ ತುಂಗಭದ್ರೆಯ ದಂಡೆಯಿಂದ ಮೀನು ಹಿಡಿಯುವವರೂ ಬರುತ್ತಾರೆ.

ಬಂದವರ ಮೊದಲ ಮಾತು ಸಾಮಾನ್ಯವಾಗಿ ಒಂದೇ. ‘ಅಣ್ಣಾರ, ಬ್ಯಾಟರಿ ಸತ್ತೈತಿ, ಹೊಸಾದು ಕೊಡ್ರಿ.’ ನಾನು ಮೊದಲು ಮೀಟರ್ ಹಚ್ಚಿ ನೋಡುತ್ತೇನೆ. ಎಷ್ಟೋ ಸಲ ಬ್ಯಾಟರಿಗೆ ಸರಿಯಾಗಿ ಚಾರ್ಜೇ ಸಿಕ್ಕಿರುವುದಿಲ್ಲ. ಇಲ್ಲವೇ ಬೋಟಿನಲ್ಲೇ ಎಲ್ಲೋ ಕರೆಂಟ್ ಸೋರುತ್ತಿರುತ್ತದೆ. ಅಂಥ ಬೋಟಿಗೆ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ತಿಂಗಳಲ್ಲಿ ಹಾಗೇ ಆಗುತ್ತದೆ. ನದಿಯನ್ನೇ ನಂಬಿ ಬದುಕುವವರಿಗೆ ಒಂದು ಬ್ಯಾಟರಿಯ ದುಡ್ಡು ಸಣ್ಣದಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಬ್ಯಾಟರಿ ಬೇಗ ಇಳಿಯುತ್ತಿದೆ ಎಂದರೆ ನಿಜಕ್ಕೂ ಏನಾಗಿರಬಹುದು?

ನಮ್ಮೂರಿನ ಕೆರೆಯನ್ನೇ ನೆನಪು ಮಾಡಿಕೊಳ್ಳಿ. ಕೆರೆ ಬೇಗ ಬತ್ತಿದರೆ ಮೂರು ಕಾರಣ ಇರಬಹುದು. ಹಳ್ಳದಿಂದ ನೀರು ಸಾಕಷ್ಟು ಬಂದಿಲ್ಲ. ಅಥವಾ ತೂಬು ಸೋರುತ್ತಿದೆ. ಅಥವಾ ಹೂಳು ತುಂಬಿದೆ. ಹೂಳು ತುಂಬಿದ ಕೆರೆ ಒಂದೇ ಮಳೆಗೆ ಕೋಡಿ ಬೀಳುತ್ತದೆ, ಬೇಸಿಗೆಗೆ ಮೊದಲೇ ಒಣಗುತ್ತದೆ.

ಬ್ಯಾಟರಿಯೂ ಹಾಗೇ. ಚಾರ್ಜ್ ಪೂರ್ತಿ ಬರುತ್ತಿಲ್ಲವೇ, ಸುಮ್ನೆ ನಿಂತಾಗ ಸೋರುತ್ತಿದೆಯೇ, ಒಳಗೆ ಹೂಳು ತುಂಬಿದೆಯೇ? ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವವರೆಗೆ ಹೊಸದಕ್ಕೆ ದುಡ್ಡು ಹಾಕಬೇಡಿ. ಹೂಳು ಎಂದರೆ ಇಲ್ಲಿ ಸೀಸದ ಸಲ್ಫೇಟ್. ಬ್ಯಾಟರಿ ಇಳಿದಾಗ ಪ್ಲೇಟಿನ ಮೇಲೆ ಅದು ಕೂರುತ್ತದೆ. ತಡ ಮಾಡದೆ ಚಾರ್ಜಿಗೆ ಹಾಕಿದರೆ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಆಮೇಲೆ ಅದನ್ನು ಕರಗಿಸುವುದು ಬಹಳ ಕಷ್ಟ.

ಮನೆಯಲ್ಲೇ ಹೇಗೆ ನೋಡುವುದು? ಯಾವ ಸಾಮಾನು ಬೇಕು?

ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೇಲೆ ಮುಚ್ಚಳ ಇರುವ ಬ್ಯಾಟರಿಯಾದರೆ ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹೈಡ್ರೋಮೀಟರ್ ಕೂಡ ಇಟ್ಟುಕೊಳ್ಳಿ.

ರಾತ್ರಿ ಪೂರ್ತಿ ಚಾರ್ಜ್ ಮಾಡಿ. ಚಾರ್ಜರ್ ತೆಗೆದು ನಾಲ್ಕೈದು ತಾಸು ಬಿಡಿ. ಬ್ಯಾಟರಿಗೆ ಯಾವ ವೈರೂ ತಗುಲಿರಬಾರದು. ಆಮೇಲೆ ವೋಲ್ಟ್ ನೋಡಿ. 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6 ರಿಂದ 12.7 ತೋರಿಸುತ್ತದೆ. 12.4 ಎಂದರೆ ಮುಕ್ಕಾಲು. 12.2 ಎಂದರೆ ಅರ್ಧ. 12.0 ಎಂದರೆ ಕಾಲು ಭಾಗ ಉಳಿದಿದೆ. ಬಹಳ ಜನ 12 ನೋಡಿ ‘ಹನ್ನೆರಡು ಐತಲ್ಲ, ಫುಲ್ ಐತಿ’ ಎನ್ನುತ್ತಾರೆ. ಅದು ಹೆಚ್ಚುಕಡಿಮೆ ಖಾಲಿಯಾದ ಬ್ಯಾಟರಿ. ಇಲ್ಲಿ ಪಾಯಿಂಟ್ ಆದಮೇಲೆ ಬರುವ ಅಂಕಿಯೇ ಮುಖ್ಯ. ಚಾರ್ಜರ್ ತೆಗೆದ ಕೂಡಲೇ ನೋಡಿದರೆ 13ರ ಮೇಲೆ ಬರಬಹುದು. ಅದನ್ನು ನಂಬಬೇಡಿ.

ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ನೋಡಿ. ವೈರು ಬಿಚ್ಚಿಟ್ಟ ಬ್ಯಾಟರಿ 12.6 ರಿಂದ ಒಂದೇ ದಿನದಲ್ಲಿ 12.3ಕ್ಕೆ ಬಂದರೆ ತೊಂದರೆ ಬ್ಯಾಟರಿಯ ಒಳಗೇ ಇದೆ. ಬಿಚ್ಚಿಟ್ಟಾಗ ಇಳಿಯದೆ, ಬೋಟಿಗೆ ಜೋಡಿಸಿದಾಗ ಮಾತ್ರ ಇಳಿದರೆ ತೊಂದರೆ ಬೋಟಿನಲ್ಲಿದೆ. ಒಂದು ದಿನ ಕಾಯುವ ತಾಳ್ಮೆ ಇದ್ದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಬೋಟು ದಡದಲ್ಲಿ ಸುಮ್ನೆ ನಿಂತಿರುತ್ತದೆ. ಎಲ್ಲ ಸ್ವಿಚ್ ಆಫ್ ಮಾಡಿರುತ್ತೇನೆ. ಆದರೂ ವಾರದಲ್ಲಿ ಡೌನ್ ಆಗುತ್ತದೆ. ಯಾಕೆ?

ಇದು ತೂಬು ಸೋರುವ ಕಥೆ. ನನ್ನ ಹತ್ತಿರ ಬರುವ ಬೋಟುಗಳಲ್ಲಿ ಜಾಸ್ತಿ ಕಾಣುವುದೂ ಇದೇ.

ಎರಡು ವರ್ಷದ ಹಿಂದೆ ಒಂದು ಕೆರೆಯ ಬೋಟು ನೋಡಲು ಕರೆದಿದ್ದರು. ಒಂದೇ ವರ್ಷದಲ್ಲಿ ಮೂರನೇ ಬ್ಯಾಟರಿ ಹಾಕಿದ್ದರು. ಎಲ್ಲ ಸ್ವಿಚ್ ಆಫ್ ಇದ್ದವು. ಮೀಟರ್ ಹಚ್ಚಿದರೆ ಸುಮಾರು 3 ಆಂಪಿಯರ್ ಹರಿಯುತ್ತಿತ್ತು. ಬೋಟಿನ ತಳದಲ್ಲಿ ಸೇರಿದ ನೀರು ಹೊರಹಾಕುವ ಪಂಪು ಇರುತ್ತದಲ್ಲ, ಅದಕ್ಕೆ ತನ್ನಷ್ಟಕ್ಕೆ ಶುರುವಾಗಲು ಒಂದು ತೇಲುವ ಸ್ವಿಚ್ ಇರುತ್ತದೆ. ಆ ಸ್ವಿಚ್ಚಿನ ಕೆಳಗೆ ಕಡಲೆ ತಿಂದು ಎಸೆದ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿಕೊಂಡಿತ್ತು. ಸ್ವಿಚ್ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಪಂಪು ನೀರಿಲ್ಲದೆ ರಾತ್ರಿಯಿಡೀ ತಿರುಗುತ್ತಿತ್ತು. ಆಂಪಿಯರ್-ಅವರ್ ಎಂದರೆ ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ, ಆಂಪಿಯರನ್ನು ತಾಸಿನಿಂದ ಗುಣಿಸಿದ್ದು. 3 ಆಂಪಿಯರ್ ಎಂದರೆ 80 ಆಂಪಿಯರ್-ಅವರ್ ಬ್ಯಾಟರಿ 26 ತಾಸಿನಲ್ಲಿ ಪೂರ್ತಿ ಖಾಲಿ. ಅವರ ಹಳೆಯ ಎರಡು ಬ್ಯಾಟರಿಗಳಲ್ಲಿ ಮೊದಲು ಯಾವ ದೋಷವೂ ಇರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಆ ಪಂಪಿನ ವೈರು ಮೇನ್ ಸ್ವಿಚ್ಚಿಗೆ ಬರದೆ ನೇರ ಬ್ಯಾಟರಿಗೇ ಹೋಗಿರುತ್ತದೆ. ಬೋಟು ಮುಳುಗಬಾರದು ಎಂದು ಬೇಕಂತಲೇ ಹಾಗೆ ಕೊಡುತ್ತಾರೆ. ಅದಕ್ಕೇ ‘ಎಲ್ಲ ಆಫ್ ಮಾಡಿದ್ದೆ’ ಎಂದರೂ ಅದು ಆಫ್ ಆಗಿರುವುದಿಲ್ಲ.

ಸಣ್ಣ ಸೋರಿಕೆ ಇನ್ನೂ ಮೋಸ ಮಾಡುತ್ತದೆ. 0.3 ಆಂಪಿಯರ್ ಎಂದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ದಿನಕ್ಕೆ ಅದು 7 ಆಂಪಿಯರ್-ಅವರ್ ಮೀರುತ್ತದೆ. ಭಾನುವಾರ ಓಡಿಸಿ ಮುಂದಿನ ಶನಿವಾರ ಬಂದರೆ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತದೆ. ಸೆಲ್ಫ್ ಹೊಡೆದರೆ ಕಟ್ ಕಟ್ ಎನ್ನುತ್ತದೆ.

ಆ ಸೋರಿಕೆ ಹುಡುಕುವುದು ಹೇಗೆ?

ಎಲ್ಲ ಆಫ್ ಮಾಡಿ. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಡಯಲ್ ಆಂಪಿಯರಿಗೆ ತಿರುಗಿಸಿ. ಕೆಂಪು ಮೊನೆಯನ್ನು ಬಿಚ್ಚಿದ ಕೇಬಲಿಗೆ, ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಹಿಡಿಯಿರಿ. ಈಗ ಕರೆಂಟ್ ಮೀಟರ್ ಒಳಗಿಂದಲೇ ಹಾಯುತ್ತದೆ.

ಗಡಿಯಾರ, ರೇಡಿಯೋ ನೆನಪಿಗೆ 0.02 ರಿಂದ 0.05 ಆಂಪಿಯರ್ ಬಂದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವ ಫ್ಯೂಸ್ ತೆಗೆದಾಗ ಅಂಕಿ ಬೀಳುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಯಾವ ಫ್ಯೂಸ್ ತೆಗೆದರೂ ಬೀಳದಿದ್ದರೆ ನೇರ ಬ್ಯಾಟರಿಗೆ ಹೋದ ವೈರುಗಳನ್ನು ನೋಡಿ. ಪಂಪು, ಆಮೇಲೆ ಯಾರೋ ಜೋಡಿಸಿದ ಮೊಬೈಲ್ ಚಾರ್ಜರ್, ಹಾಡಿನ ಆಂಪ್ಲಿಫೈಯರ್, ಎಂಜಿನ್ನಿನ ಚಾರ್ಜಿಂಗ್ ಡಯೋಡ್. ಡಯೋಡ್ ಎಂದರೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ, ಅದು ಸುಟ್ಟರೆ ಕರೆಂಟ್ ಹಿಂದಕ್ಕೆ ಹರಿಯುತ್ತದೆ.

ಎರಡು ಎಚ್ಚರಿಕೆ. ಮೀಟರ್ ಹೀಗೆ ಹಚ್ಚಿಕೊಂಡು ಸೆಲ್ಫ್ ಹೊಡೆಯಬೇಡಿ, ನೂರಕ್ಕೂ ಹೆಚ್ಚು ಆಂಪಿಯರ್ ಹರಿದು ಮೀಟರ್ ಸುಡುತ್ತದೆ. ಕೆಲಸ ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ವೋಲ್ಟ್ ನೋಡಲು ಹೋದರೆ ನೇರ ಶಾರ್ಟ್ ಆಗುತ್ತದೆ.

ಬ್ಯಾಟರಿಯ ಮೇಲಿನ ಕೊಳೆಯಿಂದಲೂ ಚಾರ್ಜ್ ಹೋಗುತ್ತದಾ?

ಹೋಗುತ್ತದೆ. ಆಸಿಡ್ ಆವಿ, ಧೂಳು, ಕೆರೆಯ ತೇವ ಸೇರಿ ಮೇಲೆ ಒಂದು ಪದರ ಆಗುತ್ತದೆ. ಅದರಲ್ಲಿ ಪ್ಲಸ್ಸಿನಿಂದ ಮೈನಸ್ಸಿಗೆ ಸಣ್ಣಗೆ ಕರೆಂಟ್ ಹರಿಯುತ್ತದೆ. ಮೀಟರಿನ ಒಂದು ಮೊನೆ ಮೈನಸ್ಸಿಗೆ, ಇನ್ನೊಂದು ಮೊನೆ ಬ್ಯಾಟರಿಯ ಪ್ಲಾಸ್ಟಿಕ್ ಮೈಗೆ ಇಟ್ಟು ನೋಡಿ. ವೋಲ್ಟ್ ತೋರಿಸಿದರೆ ಒರೆಸುವ ಹೊತ್ತು ಬಂದಿದೆ ಎಂದು ಅರ್ಥ. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಬಟ್ಟೆಯಿಂದ ಒರೆಸಿ. ಸೋಡಾ ನೀರು ಮುಚ್ಚಳದ ಒಳಗೆ ಹೋಗಬಾರದು. ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿಯನ್ನೂ ಹೀಗೇ ತೆಗೆದು, ಕ್ಲ್ಯಾಂಪ್ ಬಿಗಿ ಮಾಡಿ, ಮೇಲೆ ವ್ಯಾಸ್ಲಿನ್ ಹಚ್ಚಿ.

ದಿನಾ ಎಂಜಿನ್ ಓಡಿಸುತ್ತೇನೆ. ಎಂಜಿನ್ನೇ ಚಾರ್ಜ್ ಮಾಡಬೇಕಲ್ಲ?

ಮಾಡಬೇಕು, ಆದರೆ ಕೆರೆಯಲ್ಲಿ ಮಾಡುವುದಿಲ್ಲ. ಇದು ಬಹಳ ಜನಕ್ಕೆ ತಿಳಿಯದ ವಿಷಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೋಟಿನ ಹಿಂದೆ ತಗುಲಿಸುವ ಸಣ್ಣ ಪೆಟ್ರೋಲ್ ಎಂಜಿನ್ನಿನಲ್ಲಿ ಕಾರಿನ ಹಾಗೆ ದೊಡ್ಡ ಆಲ್ಟರ್ನೇಟರ್ ಇರುವುದಿಲ್ಲ. ಒಂದು ಸಣ್ಣ ಕಾಯಿಲ್ ಇರುತ್ತದೆ. ಪೂರ್ತಿ ವೇಗದಲ್ಲಿ ಅದು ಕೊಡುವುದೇ 6 ಆಂಪಿಯರ್ ಆಸುಪಾಸು. ಮಕ್ಕಳನ್ನು ಕೂರಿಸಿಕೊಂಡು ನಿಧಾನ ಒಂದು ಸುತ್ತು ಹಾಕುವಾಗ ಅದರಲ್ಲಿ ಒಂದು ಆಂಪಿಯರ್ ಬಂದರೆ ಹೆಚ್ಚು.

ಈಗ ಲೆಕ್ಕ ಹಾಕಿ. ದಿನಕ್ಕೆ 20 ಸುತ್ತು. ಪ್ರತಿ ಸಲ ಸೆಲ್ಫ್ ಮೂರು ಸೆಕೆಂಡ್, ಸುಮಾರು 150 ಆಂಪಿಯರ್. ಇಪ್ಪತ್ತು ಸಲಕ್ಕೆ ಎರಡೂವರೆ ಆಂಪಿಯರ್-ಅವರ್ ಹೋಯಿತು. ನಿಧಾನ ವೇಗದಲ್ಲಿ ಎರಡು ತಾಸು ಓಡಿದರೆ ಎಂಜಿನ್ ವಾಪಸ್ ಕೊಟ್ಟಿದ್ದು ಎರಡು. ಅಲ್ಲಿಗೇ ಕೊರತೆ. ಇದರ ಮೇಲೆ ಹಾಡಿನ ಪೆಟ್ಟಿಗೆ 5 ಆಂಪಿಯರಿನಂತೆ ಆರು ತಾಸು ಹಾಡಿದರೆ ಇನ್ನೂ 30 ಹೋಯಿತು. ಬ್ಯಾಟರಿ ಬೇಗ ಇಳಿಯುವುದು ಅದರ ತಪ್ಪಲ್ಲ. ಅಂಥ ಬೋಟಿಗೆ ರಾತ್ರಿ ದಡದಲ್ಲಿ ಚಾರ್ಜರ್ ಹಚ್ಚಲೇಬೇಕು. ಹಾಡಿಗೆ ಬೇರೆ ಬ್ಯಾಟರಿ ಇಟ್ಟರೆ ಇನ್ನೂ ಒಳ್ಳೆಯದು. ಕೆರೆ ಮಧ್ಯೆ ಹಾಡು ನಿಂತರೆ ಏನೂ ಆಗುವುದಿಲ್ಲ. ಎಂಜಿನ್ ಶುರುವಾಗದಿದ್ದರೆ ಕೂತವರ ಜೀವದ ಪ್ರಶ್ನೆ.

ಎಂಜಿನ್ ಚಾರ್ಜ್ ಮಾಡುತ್ತಿದೆಯೋ ಇಲ್ಲವೋ ನೋಡಲು, ವೇಗ ಹೆಚ್ಚಿಸಿ ಬ್ಯಾಟರಿಯ ಮೇಲೆ ವೋಲ್ಟ್ ಅಳೆಯಿರಿ. 13.8 ರಿಂದ 14.4 ಒಳಗೆ ಬರಬೇಕು. 12.5ರಲ್ಲೇ ನಿಂತಿದ್ದರೆ ಚಾರ್ಜ್ ಬರುತ್ತಿಲ್ಲ. 15 ದಾಟಿದರೆ ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ.

ಚಾರ್ಜರ್ ಹಚ್ಚಿದರೆ ಎರಡೇ ತಾಸಿನಲ್ಲಿ ಹಸಿರು ದೀಪ ಬರುತ್ತದೆ. ಒಳ್ಳೆಯದಲ್ವಾ?

ಅಲ್ಲ. ಅದು ಹೂಳು ತುಂಬಿದ ಕೆರೆ. 80 ಆಂಪಿಯರ್-ಅವರ್ ಬ್ಯಾಟರಿಗೆ ಹತ್ತನೇ ಒಂದು ಭಾಗ, ಅಂದರೆ 8 ಆಂಪಿಯರಿನಲ್ಲಿ ಚಾರ್ಜ್ ಮಾಡಿದರೆ ಖಾಲಿಯಿಂದ ತುಂಬಲು ಹತ್ತು-ಹನ್ನೆರಡು ತಾಸು ಬೇಕು. ಎರಡೇ ತಾಸಿಗೆ ತುಂಬಿತು ಎಂದರೆ ಹಿಡಿಯುವ ಜಾಗವೇ ಕಡಿಮೆಯಾಗಿದೆ.

ಖಾತ್ರಿ ಮಾಡಿಕೊಳ್ಳಲು ಸುಲಭದ ಪರೀಕ್ಷೆ ಇದೆ. ಪೂರ್ತಿ ಚಾರ್ಜ್ ಮಾಡಿ, 60 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬ್ ಹಚ್ಚಿಡಿ. ಅದು 5 ಆಂಪಿಯರ್ ಎಳೆಯುತ್ತದೆ. ಗಡಿಯಾರ ನೋಡಿ ಬರೆದಿಡಿ. ಬಲ್ಬ್ ಉರಿಯುತ್ತಿರುವಾಗಲೇ ವೋಲ್ಟ್ 10.5ಕ್ಕೆ ಬಂದ ಕೂಡಲೇ ತೆಗೆಯಿರಿ. ಒಳ್ಳೆಯ 80ರ ಬ್ಯಾಟರಿ ಸುಮಾರು 15 ತಾಸು ಬರುತ್ತದೆ. ಆರೇ ತಾಸು ಬಂದರೆ ನಿಮ್ಮ ಹತ್ತಿರ ಈಗ ಇರುವುದು 30ರ ಬ್ಯಾಟರಿ. ಪರೀಕ್ಷೆ ಮುಗಿದ ಕೂಡಲೇ ಮತ್ತೆ ಚಾರ್ಜಿಗೆ ಹಾಕಿ, ಬೆಳಗ್ಗೆ ನೋಡೋಣ ಎಂದು ಬಿಡಬೇಡಿ.

ಹೈಡ್ರೋಮೀಟರ್ ಇದ್ದರೆ ಆರೂ ಸೆಲ್ಲಿನ, ಅಂದರೆ ಬ್ಯಾಟರಿಯ ಒಳಗಿನ ಆರು ಮನೆಗಳ, ಗ್ರ್ಯಾವಿಟಿ (ಆಸಿಡ್ಡಿನ ಗಟ್ಟಿತನ) ನೋಡಿ. ಎಂಜಿನ್ ಶುರು ಮಾಡುವ ಬ್ಯಾಟರಿ ತುಂಬಿದ್ದರೆ 1250 ರಿಂದ 1280. ಎಲ್ಲ ಸೆಲ್ಲೂ ಸಮ ಕಡಿಮೆ ಇದ್ದರೆ ಚಾರ್ಜ್ ಸಾಲದು. ಐದು ಸೆಲ್ 1260 ಇದ್ದು ಒಂದು ಮಾತ್ರ 1180 ಇದ್ದರೆ ಆ ಸೆಲ್ ಹೋಗಿದೆ.

ಹೂಳು ತೆಗೆದು ಹಳೆಯ ಬ್ಯಾಟರಿ ಬದುಕಿಸಬಹುದಾ?

ಒಂದೆರಡು ತಿಂಗಳು ಇಳಿದು ಬಿದ್ದದ್ದಾದರೆ ಪ್ರಯತ್ನಿಸಬಹುದು. ಎರಡು-ಮೂರು ಆಂಪಿಯರಿನಲ್ಲಿ ಒಂದೆರಡು ದಿನ ನಿಧಾನ ಚಾರ್ಜ್ ಮಾಡಿ, ಗ್ರ್ಯಾವಿಟಿ ಏರುತ್ತಿದೆಯಾ ನೋಡಿ. ಏರುತ್ತಿದ್ದರೆ ಮುಂದುವರಿಸಿ. ಮೈ ಬಿಸಿಯಾದರೆ ನಿಲ್ಲಿಸಿ. ಬ್ಯಾಟರಿಗೆ ಹಾಕುವ ಪುಡಿ, ಮಾತ್ರೆಗಳಿಗೆ ದುಡ್ಡು ಕೊಡಬೇಡಿ ಎಂಬುದು ನನ್ನ ಮಾತು. ನನ್ನ ಕೈಯಲ್ಲಿ ಅವುಗಳಿಂದ ಯಾವ ಬ್ಯಾಟರಿಯೂ ಎದ್ದಿಲ್ಲ.

ಕರೆಂಟ್ ಮೋಟರಿನ ಬೋಟಿಗೆ ಕಾರಿನ ಬ್ಯಾಟರಿ ಹಾಕಿದ್ದೇನೆ. ಆರು ತಿಂಗಳೂ ಬರಲಿಲ್ಲ.

ಬರುವುದಿಲ್ಲ. ಕಾರಿನ ಬ್ಯಾಟರಿ ಮೂರು ಸೆಕೆಂಡು ಜೋರಾಗಿ ಒದೆಯಲು ಮಾಡಿದ್ದು. ತೆಳುವಾದ ಪ್ಲೇಟುಗಳು ಬಹಳ ಇರುತ್ತವೆ. ಮೋಟರಿಗೆ ಬೇಕಾದದ್ದು ತಾಸುಗಟ್ಟಲೆ ಎಳೆಯುವ, ದಪ್ಪ ಪ್ಲೇಟಿನ ಡೀಪ್ ಸೈಕಲ್ ಬ್ಯಾಟರಿ. ಓಟದವನನ್ನು ತಂದು ಚೀಲ ಹೊರಿಸಿದ ಹಾಗಾಗಿದೆ.

ಇನ್ನೊಂದು ಲೆಕ್ಕವೂ ತಪ್ಪುತ್ತದೆ. ಮೇಲೆ 100 ಆಂಪಿಯರ್-ಅವರ್ ಎಂದು ಬರೆದಿರುವುದು 20 ತಾಸಿನ ಲೆಕ್ಕ, ಅಂದರೆ 5 ಆಂಪಿಯರಿನಂತೆ ಎಳೆದರೆ. ಸಣ್ಣ ಮೋಟರೂ ಪೂರ್ತಿ ವೇಗದಲ್ಲಿ 30 ಆಂಪಿಯರ್ ಎಳೆಯುತ್ತದೆ. ಆಗ ಮೂರು ತಾಸು ಇಪ್ಪತ್ತು ನಿಮಿಷ ಬರಬೇಕಲ್ಲ ಎಂದು ಕೇಳುತ್ತಾರೆ. ಜೋರಾಗಿ ಎಳೆದಷ್ಟೂ ಸೀಸದ ಬ್ಯಾಟರಿ ಕೊಡುವುದು ಕಡಿಮೆ. ಎರಡು ತಾಸು ಬಂದರೆ ಬ್ಯಾಟರಿ ಸರಿಯಾಗೇ ಇದೆ. ಅದರಲ್ಲೂ ಅರ್ಧಕ್ಕಿಂತ ಕೆಳಗೆ ಇಳಿಸದೆ ವಾಪಸ್ ಬಂದರೆ ಬಾಳಿಕೆ ಜಾಸ್ತಿ.

ಮನೆಯ ಇನ್ವರ್ಟರ್ ಬ್ಯಾಟರಿ ಬೋಟಿಗೆ ಆಗುತ್ತದಾ?

ಅಗಲವಾದ, ಅಲುಗದ ಬೋಟಾದರೆ ಆಗುತ್ತದೆ. ಇನ್ವರ್ಟರಿಗೆ ಹಾಕುವ ಟ್ಯೂಬುಲಾರ್ (ಕೊಳವೆ ಪ್ಲೇಟಿನ) ಬ್ಯಾಟರಿ ನಿಧಾನ ಎಳೆತಕ್ಕೆ ಒಳ್ಳೆಯದು. ಆದರೆ ಎತ್ತರ ಜಾಸ್ತಿ, ತೂಕ 50 ಕಿಲೋ ಮೀರುತ್ತದೆ. ವಾಲಿದರೆ ಆಸಿಡ್ ಚೆಲ್ಲುತ್ತದೆ. ಸಣ್ಣ ಬೋಟಿಗೆ, ಹರಿಗೋಲಿಗೆ ಖಂಡಿತ ಬೇಡ.

ಹರಿಗೋಲಿನಲ್ಲಿ ರಾತ್ರಿ ಬಲೆ ಹಾಕಲು ಸಣ್ಣ ಬ್ಯಾಟರಿ ಇಟ್ಟುಕೊಳ್ಳುತ್ತೇನೆ. ನಡುರಾತ್ರಿಗೇ ಮುಗಿಯುತ್ತದೆ.

ವರದಾ ನದಿ ತುಂಗಭದ್ರೆಗೆ ಸೇರುವ ಗಳಗನಾಥದ ಕಡೆಯ ಒಬ್ಬ ಕಾಕಾ ಇದೇ ಕೇಳಿಕೊಂಡು ಬಂದಿದ್ದರು. ಬ್ಯಾಟರಿ 12 ವೋಲ್ಟ್, 7 ಆಂಪಿಯರ್-ಅವರಿನ ಮುಚ್ಚಿದ ನಮೂನೆ. ಬಲ್ಬ್ ಮಾತ್ರ ಗಾಡಿಯ ಹ್ಯಾಲೋಜನ್, 55 ವ್ಯಾಟ್. ಅದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಒಂದೂವರೆ ತಾಸೂ ಬರುವುದಿಲ್ಲ. ಅವರು ಆಗಾಗ ಆರಿಸಿ ಹಚ್ಚಿ ನಡುರಾತ್ರಿವರೆಗೆ ಎಳೆಯುತ್ತಿದ್ದರು. 6 ವ್ಯಾಟಿನ ಎಲ್ಇಡಿ ಹಾಕಿಕೊಟ್ಟೆ. ಅರ್ಧ ಆಂಪಿಯರ್. ಅರ್ಧ ಬ್ಯಾಟರಿಯಲ್ಲೇ ಏಳು ತಾಸು ಬೆಳಕು. ಬ್ಯಾಟರಿ ಅದೇ ಇದೆ, ಬದಲಾದದ್ದು ಬಲ್ಬ್ ಒಂದೇ.

ಯಾವ ನೀರು ಹಾಕಬೇಕು? ಫಿಲ್ಟರ್ ನೀರು ನಡೆಯುತ್ತದಾ?

ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಕಡೆಯ ಬೋರಿನ ನೀರು ಎಷ್ಟು ಗಡಸು ಎಂದು ಮನೆಯ ಪಾತ್ರೆಯ ಬಿಳಿ ಕಲೆ ನೋಡಿದರೆ ಗೊತ್ತಾಗುತ್ತದೆ. ಆ ಖನಿಜಗಳು ಪ್ಲೇಟಿಗೆ ವಿಷ. ಕುಡಿಯುವ ಫಿಲ್ಟರ್ ನೀರಿನಲ್ಲೂ ಅವು ಸ್ವಲ್ಪ ಉಳಿದಿರುತ್ತವೆ. ಕೆರೆಯ ನೀರಂತೂ ಮುಟ್ಟಬೇಡಿ. ಗ್ರ್ಯಾವಿಟಿ ಕಡಿಮೆ ಇದೆ ಎಂದು ಆಸಿಡ್ ಸುರಿಯಬೇಡಿ. ಆವಿಯಾಗಿ ಹೋಗುವುದು ನೀರು, ಆಸಿಡ್ ಅಲ್ಲ.

ಬೇಸಿಗೆಯಲ್ಲಿ ಕೆರೆ ಇಳಿದಾಗ ಬೋಟು ದಡಕ್ಕೆ ಎಳೆದಿಡುತ್ತೇವೆ. ಜೂನ್‌ನಲ್ಲಿ ನೋಡಿದರೆ ಬ್ಯಾಟರಿ ಹೋಗಿರುತ್ತದೆ.

ಬ್ಯಾಟರಿಗಳು ಹೆಚ್ಚು ಸಾಯುವುದು ಓಡುವಾಗ ಅಲ್ಲ, ಹೀಗೆ ನಿಂತಾಗ. ಸೀಸದ ಬ್ಯಾಟರಿ ಯಾವ ವೈರೂ ಇಲ್ಲದೆ ತನ್ನಷ್ಟಕ್ಕೆ ಇಳಿಯುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ಇಳಿತ ಸುಮಾರು ಎರಡು ಪಟ್ಟಾಗುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿ ಹೊರಗೇ 37 ಡಿಗ್ರಿ ಆಸುಪಾಸು ಇದ್ದರೆ, ಮುಚ್ಚಿದ ಬೋಟಿನ ಪೆಟ್ಟಿಗೆಯೊಳಗೆ ಇನ್ನೂ ಜಾಸ್ತಿ. ಬೋಟು ದಡಕ್ಕೆ ಬಂದ ದಿನವೇ ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ. ಪೂರ್ತಿ ಚಾರ್ಜ್ ಮಾಡಿ ನೆರಳಲ್ಲಿಡಿ. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವ ಮನೆಯವರಿಗೆ ನಾನು ಅದೇ ದಿನ ಇಟ್ಟುಕೊಳ್ಳಿ ಎನ್ನುತ್ತೇನೆ, ಮರೆಯುವುದಿಲ್ಲ.

ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿಯುತ್ತದಂತೆ?

ಈಗಿನ ಪ್ಲಾಸ್ಟಿಕ್ ಮೈಯ ಬ್ಯಾಟರಿಗಳಿಗೆ ಆ ಭಯ ಇಲ್ಲ. ಹಳೆಯ ಕಾಲದ ಕಟ್ಟಿಗೆ, ರಬ್ಬರ್ ಪೆಟ್ಟಿಗೆಯ ಬ್ಯಾಟರಿಗಳ ಕಾಲದ ಮಾತು ಅದು.

ಸೋಲಾರ್ ಪ್ಯಾನೆಲ್ ಹಾಕಿದರೆ ಆಗುತ್ತದಾ?

ನಿಂತ ಬೋಟಿಗೆ ಬಹಳ ಒಳ್ಳೆಯದು. 40 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಎರಡು ಆಂಪಿಯರ್ ಮೇಲೆ ಕೊಡುತ್ತದೆ. ಆದರೆ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. 12 ವೋಲ್ಟಿನ ಪ್ಯಾನೆಲ್ ಯಾವುದಕ್ಕೂ ಜೋಡಿಸದೆ ಬಿಸಿಲಲ್ಲಿದ್ದಾಗ 20 ವೋಲ್ಟ್ ದಾಟುತ್ತದೆ. ನೇರ ಜೋಡಿಸಿದರೆ ಬ್ಯಾಟರಿಯ ನೀರು ಕುದಿದು ಹೋಗುತ್ತದೆ.

ಹಳೆಯದರ ಜೊತೆ ಒಂದು ಹೊಸ ಬ್ಯಾಟರಿ ಜೋಡಿಸಬಹುದಾ?

ಬೇಡ. ಹಳೆಯದು ಹೊಸದನ್ನೂ ಎಳೆದು ತನ್ನ ಮಟ್ಟಕ್ಕೆ ತರುತ್ತದೆ. ಹಾಕುವುದಾದರೆ ಎರಡೂ ಒಂದೇ ನಮೂನೆ, ಒಂದೇ ಸಲ ಕೊಂಡದ್ದು.

ಲಿಥಿಯಂ ಹಾಕಿದರೆ ತೊಂದರೆ ತಪ್ಪುತ್ತದಾ?

ತೂಕ ಬಹಳ ಕಡಿಮೆ, ಜಾಸ್ತಿ ಇಳಿಸಿದರೂ ತಡೆಯುತ್ತದೆ. ಕರೆಂಟ್ ಮೋಟರಿಗೆ ದುಡ್ಡಿದ್ದರೆ ಹಾಕಿ. ಆದರೆ ಅದಕ್ಕೆ ಅದರದೇ ಚಾರ್ಜರ್ ಬೇಕು. ಮೇಲೆ ಹೇಳಿದ ವೋಲ್ಟಿನ ಲೆಕ್ಕವೂ ನಡೆಯುವುದಿಲ್ಲ. ಅದು ಕೊನೆವರೆಗೆ 13ರ ಆಸುಪಾಸೇ ತೋರಿಸಿ, ಒಮ್ಮೆಲೇ ಬಂದ್ ಆಗುತ್ತದೆ. ಇನ್ನೊಂದು ಮಾತು, ಸೋರುವ ತೂಬು ಹಾಗೇ ಬಿಟ್ಟರೆ ಲಿಥಿಯಂ ಕೂಡ ಖಾಲಿಯಾಗುತ್ತದೆ.

ಚಾರ್ಜ್ ಮಾಡುವಾಗ ಅಪಾಯ ಏನು?

ಚಾರ್ಜಿನ ಕೊನೆಗೆ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಬೋಟಿನ ಪೆಟ್ಟಿಗೆ ಮುಚ್ಚಳ ತೆಗೆದಿಡಿ. ಬೀಡಿ, ಸಿಗರೇಟು ದೂರ ಇರಲಿ. ಚಾರ್ಜರ್ ಕ್ಲಿಪ್ ಹಾಕಿದ ಮೇಲೆ ಸ್ವಿಚ್ ಹಾಕಿ, ಸ್ವಿಚ್ ಆಫ್ ಮಾಡಿದ ಮೇಲೆ ಕ್ಲಿಪ್ ತೆಗೆಯಿರಿ. ಕಣ್ಣಿಗೆ ಆಸಿಡ್ ಸಿಡಿದರೆ ಹದಿನೈದು-ಇಪ್ಪತ್ತು ನಿಮಿಷ ನೀರು ಹಾಕುತ್ತಲೇ ಇರಿ, ಆಮೇಲೆ ನೇರ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಕೊನೆಗೂ ಬ್ಯಾಟರಿ ಹೋಗಿದೆ ಎಂದಾದರೆ ಹಳೆಯದನ್ನು ಏನು ಮಾಡಲಿ?

ಹೊಸದು ಕೊಳ್ಳುವ ಅಂಗಡಿಗೇ ವಾಪಸ್ ಕೊಡಿ. ತೂಕದ ಮೇಲೆ ದುಡ್ಡು ಕಡಿಮೆ ಮಾಡುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ತರಿಸಿಕೊಳ್ಳುವ ಹೊಣೆ ತಯಾರಿಸುವವರದು. ಆಸಿಡ್ ಚೆಲ್ಲಿ ಬರೀ ಸೀಸ ತೂಗಿಸುವವರಿಗೆ ಕೊಡಬೇಡಿ. ಆ ಆಸಿಡ್ಡಿನ ಜೊತೆ ಸೀಸವೂ ನೆಲಕ್ಕೆ ಇಳಿಯುತ್ತದೆ. ದಡದಲ್ಲಿ ಚೆಲ್ಲಿದರೆ ಮಳೆಗೆ ಹರಿದು ಸೇರುವುದು ನಾವು ಬಲೆ ಹಾಕುವ ಅದೇ ನೀರಿಗೆ.